ಮಲಯಾಳ ಚಿತ್ರರಂಗದ ಮೊದಲಿಗ ಜೆ. ಸಿ. ಡೇನಿಯಲ್ ಮರೆತುಹೋದದ್ದೇಕೆ?

ಕಮಲ್ ನಿರ್ದೇಶನದ 2013ರ ‘ಸೆಲ್ಯುಲಾಯ್ಡ್’ ಡೇನಿಯಲ್ ಅವರ ಬದುಕನ್ನೇ ಕುರಿತ ಚಿತ್ರ. ಅದು ತೋರಿಸುವ ಕಾರಣ ಜಾತಿದ್ವೇಷ. ಆಸ್ತಿ ಮಾರಿ ಅವರು ತಯಾರಿಸಿದ ಮೂಕಿಚಿತ್ರ ‘ವಿಗತಕುಮಾರನ್’ನಲ್ಲಿ ದಲಿತ ಯುವತಿ ಪಿ. ಕೆ. ರೋಸಿ ನಾಯರ್ ಹೆಣ್ಣಿನ ಪಾತ್ರ ವಹಿಸಿದ್ದನ್ನು ಸಹಿಸದ ಮೇಲ್ಜಾತಿಯ ಪ್ರೇಕ್ಷಕರು ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಪರದೆಗೆ ಕಲ್ಲೆಸೆದರು. ರೋಸಿ ಊರನ್ನೇ ತೊರೆಯಬೇಕಾಯಿತು. ಈ ಅನ್ಯಾಯವನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ಚಿತ್ರದ ಪ್ರತಿಯೂ ಉಳಿಯಲಿಲ್ಲ. ಮೂಕಿಯಲ್ಲಿ ಮಲಯಾಳದ ಮಾತು ಕೇಳಿಸದ ಕಾರಣ, 1938ರ ವಾಕ್ಚಿತ್ರ ‘ಬಾಲನ್’ ಅನ್ನೇ ಬಹುಕಾಲ ಆರಂಭವೆಂದು ಎಣಿಸಲಾಯಿತು. ಪತ್ರಕರ್ತ ಚೇಲಂಗಾಟ್ ಗೋಪಾಲಕೃಷ್ಣನ್ ಪಟ್ಟುಹಿಡಿದು ಬರೆದರೂ, 1975ರಲ್ಲಿ ತೀರಿಕೊಂಡ ಡೇನಿಯಲ್ ಅವರ ಹೆಸರಿನಲ್ಲಿ ಕೇರಳ ಸರ್ಕಾರ ಪ್ರಶಸ್ತಿ ಸ್ಥಾಪಿಸಿದ್ದು 1992ರಲ್ಲಿ.