ಖಣದ ಕುಪ್ಪಸಕ್ಕೆ ಟಕ್ಸ್ ಎಲ್ಲಿ?

ಪ್ರಶ್ನೆ: ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದೆ. ಕಂಕುಳ ಬಳಿ ಬಟ್ಟೆ ಬಾಯಿ ಬಿಡುತ್ತದೆ, ಟಕ್ಸ್ (ಮೈಗೆ ಹೊಂದುವಂತೆ ಬಟ್ಟೆಯನ್ನು ಮಡಚಿ ಹೊಲಿಯುವ ಮಡಿಕೆ) ತುದಿ ಎದೆಯ ಮೇಲೆ ಚೂಪಾಗಿ ಎದ್ದು ನಿಲ್ಲುತ್ತದೆ. ಏನು ತಪ್ಪಾಗಿದೆ?
– ಓದುಗರು, ಬಾಗಲಕೋಟೆ

ಉತ್ತರ: ಇವು ಎರಡು ಬೇರೆ ತಪ್ಪುಗಳು. ಚೂಪು ಏಳುವುದು ಟಕ್ಸ್ ಅನ್ನು ಎದೆಯ ತುದಿಬಿಂದುವಿನ ತನಕ ಒಯ್ದಾಗ. 1 ಇಂಚು ಮೊದಲೇ ನಿಲ್ಲಿಸಿ. ಎದೆ ತುಂಬಿದ್ದರೆ ಒಂದೂವರೆ ಇಂಚು. ಕೊನೆಯ ಮೂರ್ನಾಲ್ಕು ಹೊಲಿಗೆ ಮಡಿಕೆಯ ಅಂಚಿಗೆ ತಾಗಿ ಸಾಗಲಿ. ಅಲ್ಲಿ ಹಿಂದೆ-ಮುಂದೆ ಹೊಲಿಯದೆ ದಾರ ಉದ್ದ ಬಿಟ್ಟು ಕೈಯಿಂದ ಗಂಟು ಹಾಕಿ.

ಕಂಕುಳ ಸಡಿಲನ್ನು ಪಕ್ಕದ ಹೊಲಿಗೆ ಒಳಗೆ ತೆಗೆದು ಸರಿಪಡಿಸಲು ಹೋಗಬೇಡಿ, ಎದೆಯೇ ಬಿಗಿಯುತ್ತದೆ. ಕುಪ್ಪಸ ತೊಟ್ಟು ಸಡಿಲನ್ನು ಪಿನ್ನಿನಿಂದ ಹಿಡಿದು ಅಳೆಯಿರಿ. ಅರ್ಧ ಇಂಚು ಬಂತೆನ್ನಿ. ಅದನ್ನು ಕಂಕುಳಲ್ಲೇ ಟಕ್ಸ್ ಮಾಡಬಹುದು, ಆದರೆ ಓರೆ ಟಕ್ಸ್ ಖಣದ ಬುಟ್ಟಾವನ್ನು ಮುರಿಯುತ್ತದೆ. ಹೊಸದಾಗಿ ಕತ್ತರಿಸುವುದಾದರೆ ಕಾಗದದ ಪ್ಯಾಟರ್ನ್‌ನಲ್ಲಿ ಸೊಂಟದ ಟಕ್ಸ್ ಗೆರೆಯನ್ನು ತುದಿಬಿಂದುವಿನವರೆಗೆ ಕತ್ತರಿಸಿ, ಅಳೆದ ಸಡಿಲಿನಷ್ಟನ್ನು ಕಂಕುಳಿಂದ ಅದೇ ಬಿಂದುವಿನತ್ತ ಮಡಚಿ ಮುಚ್ಚಿ. ಸೊಂಟದ ಟಕ್ಸ್ ತಾನಾಗಿಯೇ ಅಗಲವಾಗುತ್ತದೆ. ನೆಟ್ಟಗೆ ನಿಲ್ಲುವ ಈ ಟಕ್ಸ್ ಸೆರಗಿನಡಿ ಕಾಣುವುದೂ ಕಡಿಮೆ. ತೀರಾ ಅಗಲವಾದರೆ ಎರಡಾಗಿ ಹಂಚಿ, ಇಲ್ಲದಿದ್ದರೆ ಮತ್ತೆ ಚೂಪು ಏಳುತ್ತದೆ.

ಮೊದಲು ಹಳೆಯ ಹತ್ತಿ ಬಟ್ಟೆಯಲ್ಲಿ ಹೊಲಿದು ನೋಡಿ. ರೇಷ್ಮೆ ಖಣವನ್ನು ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ.