ಟ್ರಂಕಿನ ಗೊಂಬೆಗೆ ಕೈ ಬೇಕು

ಬಾಗಲಕೋಟೆ ನವನಗರದ ಓದುಗರೊಬ್ಬರ ಪತ್ರ: “ದೂರದರ್ಶನದ ಹಪ್ಪಳದ ಜಾಹೀರಾತಿನಲ್ಲಿ ಬರುತ್ತಿದ್ದ ಮೊಲದ ಗೊಂಬೆ ನೋಡುತ್ತ ಬೆಳೆದವ ನಾನು. ಅದೇ ಹುಚ್ಚಿನಲ್ಲಿ ಮಕ್ಕಳಿಗೆಂದು ಬಾಯಾಡಿಸುವ ಸ್ಪಂಜಿನ ಗೊಂಬೆಯೊಂದನ್ನು ಕೊಂಡಿದ್ದೆ. ಮೊನ್ನೆ ಟ್ರಂಕಿನಿಂದ ತೆಗೆದರೆ ಕೆನ್ನೆಯೆಲ್ಲ ಪುಡಿಪುಡಿ. ಉಳಿಸಬಹುದೇ, ಇಲ್ಲ ಆನ್‌ಲೈನಿನಲ್ಲಿ ಬೇರೆ ತರಿಸಲೇ? ಈಗಿನ ಕಂಪ್ಯೂಟರ್ ಗೊಂಬೆಗಳಿಗೆ ಜೀವವೇ ಇಲ್ಲ, ಅಲ್ಲವೇ?”

ಉತ್ತರ: ಕಂಪ್ಯೂಟರಿನಲ್ಲಿ ಗೊಂಬೆ ಕುಣಿಸುವವರೂ ಕುಶಲಿಗಳೇ, ಅವರ ಶ್ರಮ ಸಣ್ಣದಲ್ಲ. ಆಯಿತು, ಇನ್ನು ಮೊಲಕ್ಕೆ ಬರೋಣ.

ಲಿಜ್ಜತ್ ಹಪ್ಪಳದ ಆ ಮೊಲ, ಗೊಂಬೆಗಳನ್ನು ಮಾತಾಡಿಸುವ ಮುಂಬೈಯ ಕಲಾವಿದ ರಾಮದಾಸ ಪಾಧ್ಯೆಯವರದು. ತಂದೆ ವೈ.ಕೆ. ಪಾಧ್ಯೆಯವರ ಅರ್ಧವಟರಾವ್ ಗೊಂಬೆಯನ್ನೂ ಮುಂದೆ ಅವರೇ ಮಾತಾಡಿಸಿದರು. ಮರಾಠಿ ಬಲ್ಲ ಬೆಳಗಾವಿಯ ಮನೆಗಳಿಗೆ ಆ ಹೆಸರು ಹೊಸದೇನಲ್ಲ. ಗೊಂಬೆಯೇ ಮಾತಾಡಿತು ಅನ್ನಿಸಲು ತುಟಿ ಅಲುಗಿಸದೆ ಮಾತಾಡಬೇಕಾದವನಿಗೆ ಪ, ಬ, ಮ ಮೂರೂ ಶತ್ರುಗಳು. ಅವುಗಳ ಜಾಗದಲ್ಲಿ ತ, ದ, ನ ಇಟ್ಟು, ಕೇಳುವವರ ಕಿವಿಯೇ ತಿದ್ದಿಕೊಳ್ಳುವಂತೆ ವೇಗವಾಗಿ ದಾಟಿಸಬೇಕು. ಕನ್ನಡದ ಗೊಂಬೆಗೆ ‘ಅಪ್ಪ’, ‘ಅಮ್ಮ’ ಹೇಳಿಸುವುದಕ್ಕಿಂತ ಕಷ್ಟ ಇನ್ನೊಂದಿಲ್ಲ. ಇಂಥ ವಿದ್ಯೆಯನ್ನು ನಾವು ಮಕ್ಕಳಾಟ ಎಂದು ಬದಿಗೆ ಸರಿಸಿದೆವು!

ಅಮೆರಿಕದ ಟಿವಿ ಗೊಂಬೆಯಾಟಗಾರ ಜಿಮ್ ಹೆನ್ಸನ್ 1955ರಲ್ಲಿ ತಾಯಿಯ ಹಳೆಯ ಕೋಟು ಕತ್ತರಿಸಿ, ಟೇಬಲ್ ಟೆನಿಸ್ ಚೆಂಡಿನ ಎರಡು ಹೋಳನ್ನು ಕಣ್ಣಿಗಿಟ್ಟು, ಮುಂದೆ ಕಪ್ಪೆಯೆಂದು ಹೆಸರಾದ ಕರ್ಮಿಟ್ ಗೊಂಬೆ ಮಾಡಿದರು. ಆಡಿಸುವವರನ್ನು ಮರೆಮಾಡುವ ಗೊಂಬೆಯಾಟದ ಪೆಟ್ಟಿಗೆಯನ್ನೇ ಕಿತ್ತುಹಾಕಿ, ಕ್ಯಾಮೆರಾದ ಚೌಕಟ್ಟನ್ನೇ ರಂಗ ಮಾಡಿಕೊಂಡದ್ದು ಅವರ ದೊಡ್ಡ ಜಾಣತನ. ಆಡಿಸುವವರು ಕೈ ತಲೆಯ ಮೇಲೆತ್ತಿ, ಮಾನಿಟರಿನಲ್ಲಿ ತಮ್ಮ ಗೊಂಬೆಯನ್ನೇ ನೋಡುತ್ತ ಆಡಿಸಬೇಕು. ಆ ಚಿತ್ರ ಕನ್ನಡಿಯ ಬಿಂಬದ ಹಾಗೆ ತಿರುಗಿರುವುದಿಲ್ಲವಾದ್ದರಿಂದ ಹೊಸಬರ ಎಡ ಬಲವೆಲ್ಲ ತಪ್ಪುತ್ತದೆ. ನಿಮಗೆ ಜೀವ ಅನ್ನಿಸಿದ್ದು ಈ ಕೈಯ ಕೆಲಸ.

ಇನ್ನು ನಿಮ್ಮ ಟ್ರಂಕು. ಸ್ಪಂಜೆಂದರೆ ಪಾಲಿಯುರಿಥೇನ್ ಫೋಮ್. ಅದರಲ್ಲಿ ಒಂದು ಬಗೆ ತೇವಕ್ಕೆ ಒಡೆಯುತ್ತದೆ, ಇನ್ನೊಂದು ಬೆಳಕು–ಗಾಳಿಗೆ. ಕಾವು ಎರಡಕ್ಕೂ ಅವಸರ ಮಾಡುತ್ತದೆ. ಬಾಗಲಕೋಟೆಯ ಏಪ್ರಿಲ್‌ನಲ್ಲಿ ತಗಡಿನ ಟ್ರಂಕೆಂದರೆ ಒಲೆಯೇ. ಪುಡಿಯಾದ ಫೋಮ್ ಮತ್ತೆ ಕೂಡದು, ಅಂಟು ಸುರಿಯಬೇಡಿ, ತೊಳೆಯಲೂಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಂದಿನ ಹೊಲಿಗೆ ಬಿಚ್ಚಿ. ಇನ್ನೂ ಆಕಾರ ಉಳಿದ ತುಂಡುಗಳನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ, ಆಮೇಲೆ ಎಲ್ಲ ತೆಗೆದು ಚೆಲ್ಲಿ. ಹೊರಬಟ್ಟೆ, ಕಣ್ಣು ಸಾಕು.

ಗಾದಿ ಅಂಗಡಿಯಲ್ಲಿ 12 ಮಿ.ಮೀ. ದಪ್ಪದ ಹಾಳೆ ಸಿಗುತ್ತದೆ. ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು ಕತ್ತರಿಸಿ. ಕತ್ತರಿ ಹಾಕಿದರೆ ಫೋಮ್ ಅದುಮಿಕೊಂಡು ಅಂಚು ಓರೆಯಾಗುತ್ತದೆ, ಮುಖದ ಮೇಲೆ ಏಣು ಏಳುತ್ತದೆ. ಚಪ್ಪಲಿಗೆ ಹಚ್ಚುವ ಸೊಲ್ಯೂಷನ್ ಎರಡೂ ಅಂಚಿಗೆ ತೆಳ್ಳಗೆ ಸವರಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕೂತು ಹತ್ತು ನಿಮಿಷ ಕಾಯಿರಿ. ಬೆರಳಿಗೆ ಅಂಟದಂತಾದ ಮೇಲೆಯೇ ಜೋಡಿಸಿ, ಹಸಿಯಿದ್ದಾಗ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಬಿಳಿ ಅಂಟು ಬೇಡ, ಒಣಗಿ ಬಿರುಸಾಗುತ್ತದೆ. ಬಾಯಿಗೆ 3 ಮಿ.ಮೀ. ರಟ್ಟಿನ ಎರಡು ಅರ್ಧಚಂದ್ರ, ನಡುವೆ ಬಟ್ಟೆಯ ಕೀಲು, ಒಳಮೈಗೆ ಬೆರಳು ತೂರಿಸುವ ಪಟ್ಟಿ. ಕೀಲಿನ ಬಳಿ 5 ಮಿ.ಮೀ. ಸಂದು ಬಿಡದಿದ್ದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಕಣ್ಣಿನ ಕರಿಬೊಟ್ಟನ್ನು ತುಸು ಮೂಗಿನ ಕಡೆಗೆ ಇಡಿ. ನಟ್ಟನಡುವೆ ಇಟ್ಟರೆ ಗೊಂಬೆ ಯಾರನ್ನೂ ನೋಡುವುದಿಲ್ಲ.

ಆಡಿಸುವಾಗ ನಾಲ್ಕು ಬೆರಳು ಸ್ಥಿರ, ಹೆಬ್ಬೆರಳು ಮಾತ್ರ ಕೆಳಗೆ. ಮೇಲ್ದವಡೆ ಎತ್ತಿದರೆ ಪ್ರತಿ ಮಾತಿಗೂ ಗೊಂಬೆ ಮುಗಿಲು ನೋಡುತ್ತದೆ. ನಮ್ಮ ಮಾತುಗಳೆಲ್ಲ ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಕಲಿಯುವವರು ಬಾಯಿ ತೆರೆದೇ ಬಿಡುತ್ತಾರೆ. ಮಾತು ಮುಗಿದೊಡನೆ ಮುಚ್ಚಬೇಕು.

ಒಂದು ಮಾತು ಕೇಳಲೇ? ಮುಂಬೈಯ ಮೊಲಕ್ಕೆ ಮರುಗುವ ನೀವು ನಿಮ್ಮ ಪಕ್ಕದ ಜಿಲ್ಲೆಯ ತೊಗಲುಗೊಂಬೆಗೆ ಒಂದು ಸಾಲು ಬರೆಯಲಿಲ್ಲ. ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ರಾಮಾಯಣದ ನಡುವೆ ನುಗ್ಗಿ ಪೋಲಿ ಮಾತಾಡಿ ನಗಿಸುವ ಕಿಳ್ಳೆಕ್ಯಾತ, ಬಂಗಾರಕ್ಕರಿಗೆ ಯಾವ ಟಿವಿ ಗೊಂಬೆ ಸಮ? ಸರಕಾರಿ ಉತ್ಸವಗಳಿಗೆ ಕಲಾವಿದರನ್ನು ಕರೆಯುತ್ತೇವೆ, ರಾತ್ರಿಯಿಡೀ ಆಡುವ ಕತೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಎನ್ನುತ್ತೇವೆ. ಪರದೆ ಹಿಂದೆ ಪ್ರಖರ ಲೈಟು ಹತ್ತಿರ ಇಡುತ್ತೇವೆ, ಆ ಕಾವಿಗೆ ತೊಗಲು ಸೊಟ್ಟಗಾಗುತ್ತದೆ. ಆಮೇಲೆ ಸಭಿಕರು ಮಂಜೂರಾದ ಚಹಾ ಕುಡಿದು ‘ಕಲೆ ಅಳಿಯುತ್ತಿದೆ’ ಎಂದು ಭಾಷಣ ಕೇಳುತ್ತಾರೆ.

ಆನ್‌ಲೈನ್ ಗೊಂಬೆ ತರಿಸಲೇಬೇಕೆಂದರೆ, ಬಾಯಿಯ ಒಳಗಿನ ಫೋಟೊ ಕೇಳಿ. ರಟ್ಟಾಗಲಿ ಬೆರಳಪಟ್ಟಿಯಾಗಲಿ ಇಲ್ಲದೆ ಬರೀ ಬಟ್ಟೆಯ ಚೀಲವಿದ್ದರೆ ದುಡ್ಡು ಕಳಿಸಬೇಡಿ. ಬಂದ ಗೊಂಬೆಯನ್ನು ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ ಮನೆಯ ತಂಪಾದ ಕಪಾಟಿನಲ್ಲಿಡಿ, ಪ್ಲಾಸ್ಟಿಕ್ ಚೀಲ ಬೇಡ. ವಾರಕ್ಕೊಮ್ಮೆಯಾದರೂ ಹೊರತೆಗೆದು ಮೊಮ್ಮಕ್ಕಳ ಕೈಗೆ ಕೊಡಿ.