ಮೊದಲು ಗೆರೆ ದಾಟಿದರೂ ಮೂರನೆಯ ಸ್ಥಾನ ಏಕೆ?

ರಿಮೋಟ್ ಕಂಟ್ರೋಲ್ ಆಟದ ಕಾರುಗಳ (ಆರ್‌ಸಿ) ರೇಸಿನ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿದರೂ ಮೂರನೆಯ ಸ್ಥಾನ ಕೊಟ್ಟರು ಎಂದಿದ್ದೀರಿ. ಎಣಿಕೆ ತಪ್ಪಿರಲಾರದು. ಅಲ್ಲಿ ಸಾಮಾನ್ಯವಾಗಿ ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ನಿಮ್ಮ ಟ್ರಾನ್ಸ್‌ಪಾಂಡರ್ (ಕಾರಿನಲ್ಲಿದ್ದು, ಗೆರೆ ದಾಟಿದ್ದನ್ನು ಎಣಿಕೆ ಯಂತ್ರಕ್ಕೆ ತಿಳಿಸುವ ಪುಟ್ಟ ಸಾಧನ) ಗೆರೆಯನ್ನು ಮೊದಲ ಸಲ ದಾಟಿದಾಗಲೇ ನಿಮ್ಮ ಗಡಿಯಾರ ಶುರು; ಹಾಗಾಗಿ ನಿಮ್ಮ ನಂತರ ಗೆರೆ ದಾಟಿದವರ ಸಮಯ ನಿಮ್ಮದಕ್ಕಿಂತ ಕಡಿಮೆ ಇರಬಹುದು. ಐದು ನಿಮಿಷದ ಓಟವಾದರೆ, ಸಮಯ ಮುಗಿದಾಗ ಓಡುತ್ತಿರುವ ಲ್ಯಾಪನ್ನು (ಟ್ರ್ಯಾಕಿನ ಒಂದು ಸುತ್ತನ್ನು) ಪೂರ್ತಿಗೊಳಿಸಬೇಕು. ಲ್ಯಾಪ್ ಸಂಖ್ಯೆ ಮೊದಲು, ಸಮಯ ಆಮೇಲೆ: 16 ಲ್ಯಾಪ್‌ಗೆ 5 ನಿಮಿಷ 18 ಸೆಕೆಂಡ್ ತೆಗೆದುಕೊಂಡವರು, 15 ಲ್ಯಾಪನ್ನು 5 ನಿಮಿಷ 1 ಸೆಕೆಂಡಿನಲ್ಲಿ ಮುಗಿಸಿದವರಿಗಿಂತ ಮೇಲೆ. ಹಾಗಾಗಿ ಪಕ್ಕದ ಕಾರಿನೊಡನೆ ಜಿದ್ದಿಗೆ ಬೀಳುವುದು ಶುದ್ಧ ದಂಡ.

ಇನ್ನು ಮಾರ್ಷಲ್ ಕೆಲಸ: ನಿಮ್ಮ ಓಟ ಮುಗಿದೊಡನೆ ಬ್ಯಾಟರಿ ಬಿಚ್ಚುತ್ತ ಕೂರಬೇಡಿ. ಮುಂದಿನ ಓಟದಲ್ಲಿ ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸುವ ಹೊಣೆ ನಿಮ್ಮದೇ. ತಪ್ಪಿಸಿಕೊಂಡರೆ ಹಲವೆಡೆ ನಿಮ್ಮ ಅತ್ಯುತ್ತಮ ಅರ್ಹತಾ ಫಲಿತಾಂಶವನ್ನೇ ಹೊಡೆದುಹಾಕುತ್ತಾರೆ.